ಸ್ಯಾಟ್ ಅಂಕ: ಯಾವುದನ್ನು ಕಳಿಸಬೇಕು, ಯಾವುದನ್ನು ಬಿಡಬೇಕು?

ಸಿಇಟಿ ರ‍್ಯಾಂಕ್ ಬಂದ ಮೇಲೆ ಅದನ್ನು ತೋರಿಸಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ರ‍್ಯಾಂಕ್ ಎಷ್ಟೋ ಅದಕ್ಕೆ ತಕ್ಕ ಸೀಟು, ಅಲ್ಲಿಗೆ ಮಾತು ಮುಗಿಯಿತು. ಅಮೆರಿಕದ ಪದವಿ ಕಾಲೇಜುಗಳ ವ್ಯವಹಾರ ಹಾಗಲ್ಲ. ಅಲ್ಲಿನ ಪ್ರವೇಶಕ್ಕೆಂದು ಸ್ಯಾಟ್ ಅಥವಾ ಎಸಿಟಿ ಪರೀಕ್ಷೆ ಬರೆದು ಅಂಕ ಕೈಗೆ ಬಂದ ಮೇಲೂ ಒಂದು ತೀರ್ಮಾನ ಉಳಿದಿರುತ್ತದೆ. ಈ ಅಂಕವನ್ನು ಕಾಲೇಜಿಗೆ ಕಳಿಸಬೇಕೇ? ಎರಡು ಮೂರು ಸಲ ಬರೆದಿದ್ದರೆ ಯಾವ ಸಲದ್ದನ್ನು ಕಳಿಸಬೇಕು? ಎಂಟು ಹತ್ತು ಕಾಲೇಜಿಗೆ ಅರ್ಜಿ ಹಾಕುವವರು ಈ ತೀರ್ಮಾನವನ್ನು ಒಂದೊಂದು ಕಾಲೇಜಿಗೂ ಬೇರೆ ಬೇರೆಯಾಗಿಯೇ ಮಾಡಬೇಕಾಗುತ್ತದೆ.

ಕಡಿಮೆ ಅಂಕ ಕಳಿಸಿಬಿಟ್ಟೇವೋ ಎಂಬ ಭಯ ಎಲ್ಲ ಮನೆಗಳಲ್ಲೂ ಇರುತ್ತದೆ. ಕಳಿಸಬೇಕಾಗಿದ್ದ ಅಂಕವನ್ನು ಮುಚ್ಚಿಟ್ಟರೆ ಆಗುವ ನಷ್ಟದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕರ್ನಾಟಕದ ಸಾಧಾರಣ ಪಿಯು ಕಾಲೇಜಿನಿಂದ ಅರ್ಜಿ ಹಾಕುವ ಮಕ್ಕಳಿಗೆ ಈ ಎರಡನೆಯದೇ ದೊಡ್ಡ ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ನಿಯಮಗಳನ್ನು ನೋಡಿಬಿಡೋಣ.

ಕಾಲೇಜು ಕೇಳುತ್ತದೆಯೇ, ನೋಡುತ್ತದೆಯೇ?

2020ರಲ್ಲಿ ಕೋವಿಡ್‌ನಿಂದ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ಬಹುತೇಕ ಕಾಲೇಜುಗಳು ‘ಟೆಸ್ಟ್ ಆಪ್ಷನಲ್’ ಆದವು. ಅಂಕ ಇದ್ದರೆ ಕೊಡಿ, ಇಲ್ಲದಿದ್ದರೆ ಬೇಡ ಎಂದವು. ಈಗ ಗಾಳಿ ತಿರುಗಿದೆ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ 2026ರಲ್ಲಿ ಸೇರುವ ತಂಡದಿಂದ ಅಂಕ ಕೇಳುತ್ತಿವೆ. ಸರ್ಕಾರಿ ವಿಶ್ವವಿದ್ಯಾಲಯಗಳ ಪೈಕಿ ಜಾರ್ಜಿಯಾ ಟೆಕ್, ಫ್ಲಾರಿಡಾ, ಪರ್ಡ್ಯೂ, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಗಳಿಗೂ ಅಂಕ ಬೇಕೇ ಬೇಕು. ಯೇಲ್ 2024ರಲ್ಲಿ ಪ್ರಕಟಿಸಿದ ನಿಯಮ ಸ್ವಲ್ಪ ಭಿನ್ನ: ಸ್ಯಾಟ್, ಎಸಿಟಿ, ಶಾಲಾ ಮಟ್ಟದ ಎಪಿ, ಐಬಿ ಪರೀಕ್ಷೆಗಳು ಈ ನಾಲ್ಕರಲ್ಲಿ ಯಾವುದಾದರೊಂದು ಬಗೆಯ ಅಂಕ ಸಾಕು. ಆದರೆ ಎಪಿ ಅಥವಾ ಐಬಿ ದಾರಿ ಹಿಡಿದರೆ ಅಲ್ಲಿಯವರೆಗೆ ಬರೆದ ಎಲ್ಲ ವಿಷಯಗಳ ಫಲಿತಾಂಶವನ್ನೂ ಕೊಡಬೇಕು.

ಕೊಲಂಬಿಯಾದಂಥ ಕೆಲವು ಕಾಲೇಜುಗಳು ಟೆಸ್ಟ್ ಆಪ್ಷನಲ್ ಆಗಿಯೇ ಮುಂದುವರಿದಿವೆ. ಇನ್ನೊಂದು ಗುಂಪು ಅಂಕವನ್ನು ನೋಡುವುದೇ ಇಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಎಲ್ಲ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಸ್ಯಾಟ್ ಅಂಕವನ್ನು ಪರಿಗಣಿಸುವುದಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯೂ 2022ರಲ್ಲಿ ಪರೀಕ್ಷೆಯನ್ನು ಕೈಬಿಟ್ಟಿತು. ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಬಹಳ ಮಂದಿ ತಮ್ಮ ರಾಜ್ಯದ ಈ ಕಾಲೇಜುಗಳನ್ನೇ ಗುರಿ ಇಟ್ಟುಕೊಂಡಿರುತ್ತಾರೆ. ಅಂಥವರು ಬೇರೆ ರಾಜ್ಯದ ಅಥವಾ ಖಾಸಗಿ ಕಾಲೇಜಿಗೂ ಅರ್ಜಿ ಹಾಕುವುದಿದ್ದರೆ ಮಾತ್ರ ಸ್ಯಾಟ್ ತಯಾರಿಗೆ ಬೇಸಿಗೆ ರಜೆಯನ್ನು ಕೊಡಬೇಕು.

ಈ ನಿಯಮಗಳು ವರ್ಷ ವರ್ಷ ಬದಲಾಗುತ್ತಿವೆ. ಸಂಬಂಧಿಕರ ಮಗಳು ಮೂರು ವರ್ಷದ ಹಿಂದೆ ಹೇಗೆ ಮಾಡಿದಳು ಎಂಬುದು ಈ ವಿಷಯದಲ್ಲಿ ಉಪಯೋಗಕ್ಕೆ ಬಾರದು. ನೀವು ಸೇರುವ ವರ್ಷದ ನಿಯಮವನ್ನು ಕಾಲೇಜಿನ ಪ್ರವೇಶ ವಿಭಾಗದ ಪುಟದಲ್ಲೇ ಓದಿ. ವಿದೇಶಿ ವಿದ್ಯಾರ್ಥಿಗಳಿಗೆ ಬೇರೆ ನಿಯಮ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಹಲವು ಸಲ ಬರೆದಿದ್ದರೆ

ಸ್ಯಾಟ್‌ನಲ್ಲಿ ಎರಡು ವಿಭಾಗ: ರೀಡಿಂಗ್ ಅಂಡ್ ರೈಟಿಂಗ್ ಒಂದು, ಗಣಿತ ಇನ್ನೊಂದು. ತಲಾ 200ರಿಂದ 800, ಒಟ್ಟು 1600. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ 2009ರಲ್ಲಿ ‘ಸ್ಕೋರ್ ಚಾಯ್ಸ್’ ಎಂಬ ಸೌಲಭ್ಯ ತಂದಿತು. ಯಾವ ದಿನಾಂಕದ ಪರೀಕ್ಷೆಯ ಅಂಕ ಹೋಗಬೇಕು ಎಂಬುದನ್ನು ವಿದ್ಯಾರ್ಥಿಯೇ ಆರಿಸಬಹುದು. ಆರಿಸಿದ ದಿನಾಂಕದ ಎರಡೂ ವಿಭಾಗದ ಅಂಕ ಒಟ್ಟಿಗೇ ಹೋಗುತ್ತದೆ. ಒಂದು ದಿನದ ಗಣಿತ ಮಾತ್ರ ಕಳಿಸಿ ಅದೇ ದಿನದ ಇಂಗ್ಲಿಷ್ ಬಿಡಲು ಬರುವುದಿಲ್ಲ.

ಬಂದ ಅಂಕಗಳನ್ನು ಕಾಲೇಜು ಹೇಗೆ ಓದುತ್ತದೆ ಎಂಬುದು ಬೇರೆ ವಿಷಯ. ಬಹಳಷ್ಟು ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ, ಅಂದರೆ ಬೇರೆ ಬೇರೆ ದಿನಾಂಕಗಳಿಂದ ಪ್ರತಿ ವಿಭಾಗದ ಅತಿ ಹೆಚ್ಚಿನ ಅಂಕವನ್ನು ಎತ್ತಿಕೊಂಡು ಕೂಡಿಸುತ್ತವೆ. ಎಂಐಟಿ ಇದನ್ನೇ ಮಾಡುತ್ತದೆ. ಕೆಲವು ಕಾಲೇಜುಗಳು ಒಂದೇ ದಿನದ ಅತ್ಯುತ್ತಮ ಒಟ್ಟು ಅಂಕವನ್ನು ನೋಡುತ್ತವೆ. ಇನ್ನು ಕೆಲವು, ಬರೆದದ್ದನ್ನೆಲ್ಲ ಕಳಿಸಿ ಎನ್ನುತ್ತವೆ. ವರ್ಷಗಳಿಂದ ಹಾಗೆ ಕೇಳುತ್ತ ಬಂದಿರುವ ಹೆಸರಾಂತ ಸಂಸ್ಥೆ ವಾಷಿಂಗ್ಟನ್‌ನ ಜಾರ್ಜ್‌ಟೌನ್. ಅಲ್ಲಿ ಸ್ಕೋರ್ ಚಾಯ್ಸ್ ನಡೆಯುವುದಿಲ್ಲ.

ಒಂದು ಉದಾಹರಣೆ ಹಾಕಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಒಬ್ಬ ಹುಡುಗಿ ಮಾರ್ಚ್‌ನಲ್ಲಿ ಇಂಗ್ಲಿಷ್ 610, ಗಣಿತ 720 ತೆಗೆದಳು, ಒಟ್ಟು 1330. ಆಗಸ್ಟ್‌ನಲ್ಲಿ 640 ಮತ್ತು 780, ಒಟ್ಟು 1420. ಅಕ್ಟೋಬರ್‌ನಲ್ಲಿ 700 ಮತ್ತು 740, ಒಟ್ಟು 1440. ಸೂಪರ್‌ಸ್ಕೋರ್ ಮಾಡುವ ಕಾಲೇಜಿಗೆ ಅವಳು ಆಗಸ್ಟ್, ಅಕ್ಟೋಬರ್ ಎರಡನ್ನೂ ಕಳಿಸಬೇಕು. ಅಲ್ಲಿ 700ಕ್ಕೆ 780 ಸೇರಿ ಅವಳದ್ದು 1480 ಆಗುತ್ತದೆ. ಒಂದೇ ದಿನದ ಅಂಕ ನೋಡುವ ಕಾಲೇಜಿಗೆ ಅಕ್ಟೋಬರ್‌ನ 1440 ಒಂದೇ ಸಾಕು. ಜಾರ್ಜ್‌ಟೌನ್‌ಗೆ ಮೂರೂ ಹೋಗಬೇಕು. ಮಾರ್ಚ್‌ನ 1330 ಅಲ್ಲಿ ಕಾಣುತ್ತದಲ್ಲ ಎಂದು ಕೊರಗುವುದು ಬೇಡ. 1330ರಿಂದ 1440ಕ್ಕೆ ಏರಿದ ವಿದ್ಯಾರ್ಥಿನಿ ಯಾರ ಕಣ್ಣಿಗೂ ಕೆಟ್ಟದಾಗಿ ಕಾಣುವುದಿಲ್ಲ. ಎಲ್ಲವನ್ನೂ ಕೇಳುವ ಕಾಲೇಜಿನಲ್ಲಿ ಒಂದನ್ನು ಬಚ್ಚಿಡುವುದು ಮಾತ್ರ ತಪ್ಪು. ಸುಳ್ಳು ಮಾಹಿತಿ ಕೊಟ್ಟದ್ದು ತಿಳಿದರೆ ಕೊಟ್ಟ ಪ್ರವೇಶವನ್ನು ಹಿಂದೆಗೆದುಕೊಳ್ಳುವ ಹಕ್ಕು ಕಾಲೇಜಿಗಿದೆ.

ಸ್ಯಾಟ್, ಎಸಿಟಿ ಎರಡನ್ನೂ ಬರೆದವರು ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ಎಸಿಟಿಯ ಗರಿಷ್ಠ 36. ಎರಡೂ ಪರೀಕ್ಷೆ ನಡೆಸುವ ಸಂಸ್ಥೆಗಳು 2018ರಲ್ಲಿ ಸೇರಿ ಹೊರಡಿಸಿದ ಹೋಲಿಕೆ ಪಟ್ಟಿಯಂತೆ ಎಸಿಟಿ 30 ಎಂದರೆ ಸ್ಯಾಟ್ 1370ಕ್ಕೆ ಹತ್ತಿರ, 32 ಎಂದರೆ 1430, 34 ಎಂದರೆ 1500. ಯಾವುದು ಮೇಲೋ ಅದನ್ನು ಕಳಿಸಿದರಾಯಿತು. ಎರಡೂ ಸಮ ಎಂದಾದರೆ ಎರಡನ್ನೂ ಕಳಿಸಿ ಹೆಚ್ಚಿನ ಲಾಭವೇನಿಲ್ಲ. ಎಸಿಟಿಯಲ್ಲಿ 2025ರಿಂದ ವಿಜ್ಞಾನ ವಿಭಾಗ ಐಚ್ಛಿಕವಾಗಿದೆ. ಒಟ್ಟು ಅಂಕ ಈಗ ಇಂಗ್ಲಿಷ್, ಗಣಿತ, ರೀಡಿಂಗ್ ಮೂರರ ಸರಾಸರಿ. ವಿಜ್ಞಾನದ ಅಂಕವೂ ಬೇಕೆನ್ನುವ ಕಾಲೇಜುಗಳಿರಬಹುದಾದ್ದರಿಂದ ಎಂಜಿನಿಯರಿಂಗ್‌ಗೆ ಹೋಗುವವರು ಅದನ್ನು ಬರೆದಿಡುವುದು ಒಳ್ಳೆಯದು.

‘ಮಧ್ಯದ ಅರ್ಧ’ವನ್ನು ಓದುವ ಬಗೆ

ಟೆಸ್ಟ್ ಆಪ್ಷನಲ್ ಕಾಲೇಜಿಗೆ ಅಂಕ ಕಳಿಸಬೇಕೇ ಎಂದು ಕೇಳಿದರೆ ಹೆಚ್ಚಿನ ಸಲಹೆಗಾರರು ಒಂದೇ ಸೂತ್ರ ಹೇಳುತ್ತಾರೆ: ಕಾಲೇಜಿನ ಮಧ್ಯದ ಶೇ 50ರ ವ್ಯಾಪ್ತಿಯಲ್ಲಿ ನಿಮ್ಮ ಅಂಕ ಇದ್ದರೆ ಕಳಿಸಿ, ಕೆಳಗಿದ್ದರೆ ಬಿಡಿ. ಬಹುತೇಕ ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ಕಡತ ಹೊರಡಿಸುತ್ತವೆ. ಅದರ ಸಿ9 ಎಂಬ ಭಾಗದಲ್ಲಿ, ಸೇರಿದ ವಿದ್ಯಾರ್ಥಿಗಳ 25ನೇ ಮತ್ತು 75ನೇ ಪರ್ಸೆಂಟೈಲ್ ಅಂಕ ಇರುತ್ತದೆ. ಉದಾಹರಣೆಗೆ 1450 ಮತ್ತು 1540 ಎಂದಿದ್ದರೆ, ಅಂಕ ಕೊಟ್ಟು ಸೇರಿದವರಲ್ಲಿ ಕಾಲು ಭಾಗ 1450 ಅಥವಾ ಅದಕ್ಕಿಂತ ಕಡಿಮೆ, ಕಾಲು ಭಾಗ 1540 ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ.

‘ಅಂಕ ಕೊಟ್ಟು ಸೇರಿದವರಲ್ಲಿ’ ಎಂಬ ಮಾತನ್ನು ಮರೆಯಬಾರದು. ಅದೇ ಸಿ9ರಲ್ಲಿ ಸೇರಿದವರ ಪೈಕಿ ಶೇಕಡಾ ಎಷ್ಟು ಮಂದಿ ಅಂಕ ಕೊಟ್ಟಿದ್ದರು ಎಂಬ ಸಂಖ್ಯೆಯೂ ಇರುತ್ತದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅರ್ಧದಷ್ಟು ಜನ ಮಾತ್ರ ಕೊಟ್ಟಿದ್ದರೆ ಆ ವ್ಯಾಪ್ತಿ ಚೆನ್ನಾಗಿ ಬರೆದ ಅರ್ಧದವರದ್ದು. ಕಡಿಮೆ ಬಂದವರು ಕಳಿಸದೆ ಉಳಿದರು, ಹಾಗಾಗಿ ವ್ಯಾಪ್ತಿ ಮೇಲಕ್ಕೆ ಸರಿಯಿತು. ಅದನ್ನು ನೋಡಿ ಮರುವರ್ಷದವರು ಇನ್ನಷ್ಟು ಹೆದರಿ ಕಳಿಸದೆ ಉಳಿದರು, ವ್ಯಾಪ್ತಿ ಮತ್ತೂ ಸರಿಯಿತು. ಈ ಚಕ್ರದಿಂದಾಗಿ ಮುದ್ರಿತ ಸಂಖ್ಯೆ ಕಾಲೇಜಿನ ನಿಜವಾದ ಮಟ್ಟಕ್ಕಿಂತ ಎತ್ತರದಲ್ಲಿದೆ. ಸಾಧ್ಯವಾದರೆ 2019ರ ಸುಮಾರಿನ ಹಳೆಯ ಕಡತವನ್ನೂ ಪಕ್ಕದಲ್ಲಿಟ್ಟು ನೋಡಿ. ಬಹುತೇಕ ಎಲ್ಲರೂ ಅಂಕ ಕೊಡುತ್ತಿದ್ದ ಕಾಲದ ವ್ಯಾಪ್ತಿ ಹೆಚ್ಚು ನಂಬಿಕೆಗೆ ಅರ್ಹ.

ಇನ್ನೊಂದು ಮಾತು. ಸ್ಯಾಟ್ ಒಟ್ಟು ಅಂಕದಲ್ಲಿ ಆ ಕಡೆ ಈ ಕಡೆ ಸುಮಾರು 40 ಅಂಕದ ಏರಿಳಿತ ಸಹಜ, ಕಾಲೇಜ್ ಬೋರ್ಡ್ ತಾನೇ ಹಾಗೆ ಹೇಳುತ್ತದೆ. 1450ರ ಗೆರೆಗೆ 1430 ಬಂದಿದೆ ಎಂದು ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುವ ಅಗತ್ಯ ಇಲ್ಲ. ಕಳಿಸಿ.

ಗೊತ್ತಿಲ್ಲದ ಊರಿನ ಅರ್ಜಿ

ಡಾರ್ಟ್‌ಮತ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ತರುವ ಮುಂಚೆ ಅಲ್ಲಿನ ಪ್ರಾಧ್ಯಾಪಕರು ಒಂದು ಅಧ್ಯಯನ ಮಾಡಿದರು. ಹಿಂದುಳಿದ ಹಿನ್ನೆಲೆಯ, ಸೌಕರ್ಯ ಕಡಿಮೆ ಇರುವ ಶಾಲೆಗಳ ಎಷ್ಟೋ ಮಕ್ಕಳು 1400ರ ಆಸುಪಾಸಿನ ಅಂಕ ಪಡೆದಿದ್ದರೂ, ‘ಮಧ್ಯದ ಅರ್ಧ’ದ ಸೂತ್ರ ನಂಬಿ, ಅದನ್ನು ಕಳಿಸಿರಲಿಲ್ಲ. ಕಳಿಸಿದ್ದರೆ ಅವರಿಗೆ ಅನುಕೂಲವೇ ಆಗುತ್ತಿತ್ತು. ಏಕೆಂದರೆ ಅಲ್ಲಿ ಅರ್ಜಿ ಓದುವವರು ಅಂಕವನ್ನು ಆ ಮಗು ಓದಿದ ಶಾಲೆಯ ಜೊತೆಗಿಟ್ಟು ನೋಡುತ್ತಾರೆ. ಅಮೆರಿಕದ ಸರಾಸರಿ ಸ್ಯಾಟ್ ಅಂಕ ಸಾವಿರದ ಸ್ವಲ್ಪ ಮೇಲೆ. ಸುತ್ತಲಿನವರೆಲ್ಲ ಆ ಮಟ್ಟದಲ್ಲಿರುವ ಶಾಲೆಯಿಂದ ಬಂದ 1400ಕ್ಕೆ ಅವರು ಕೊಡುವ ತೂಕವೇ ಬೇರೆ.

ಹಾಸನದಲ್ಲೋ ಶಿರಸಿಯಲ್ಲೋ ಪಿಯುಸಿ ಓದುವ ಮಗುವಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಮೆರಿಕದ ಕಾಲೇಜುಗಳು ಮಾರ್ಚ್ ಕೊನೆ, ಏಪ್ರಿಲ್ ಮೊದಲ ದಿನಗಳ ಹೊತ್ತಿಗೆ ತೀರ್ಮಾನ ಮುಗಿಸುತ್ತವೆ. ಅಷ್ಟರಲ್ಲಿ ನಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬಂದಿರುವುದಿಲ್ಲ. ಅರ್ಜಿ ಓದುವವರ ಮುಂದೆ ಇರುವುದು ಎಸ್ಸೆಸ್ಸೆಲ್ಸಿ ಅಂಕ, ಪ್ರಥಮ ಪಿಯುಸಿ ಅಂಕ, ಕಾಲೇಜಿನವರು ಅಂದಾಜು ಮಾಡಿಕೊಟ್ಟ ದ್ವಿತೀಯ ಪಿಯುಸಿ ಅಂಕ ಇಷ್ಟೇ. ಅವರಿಗೆ ಆ ಕಾಲೇಜಿನ ಹೆಸರು ಗೊತ್ತಿಲ್ಲ. ರಾಜ್ಯ ಪಠ್ಯಕ್ರಮದ ಶೇ 96ಕ್ಕೂ ಶೇ 89ಕ್ಕೂ ನಡುವೆ ಎಷ್ಟು ಅಂತರ ಎಂದೂ ಗೊತ್ತಿರಲಾರದು. ಅವರು ತಮ್ಮ ಅಳತೆಯಲ್ಲೇ ಅಳೆಯಬಹುದಾದದ್ದು ಸ್ಯಾಟ್ ಒಂದೇ. ಬೆಂಗಳೂರಿನ ದೊಡ್ಡ ಅಂತರರಾಷ್ಟ್ರೀಯ ಶಾಲೆಯ ವಿದ್ಯಾರ್ಥಿ 1400 ಅಂಕವನ್ನು ಬಿಟ್ಟರೂ ಅವನ ಐಬಿ ಅಂಕ ಅವನ ಪರವಾಗಿ ಮಾತಾಡುತ್ತದೆ. ಪಿಯುಸಿ ವಿದ್ಯಾರ್ಥಿ ಅದನ್ನೇ ಬಿಟ್ಟರೆ ಅವನ ಪರ ಮಾತಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಗ್ಲಿಷ್ ವಿಭಾಗದಲ್ಲಿ 620 ತೆಗೆದಿದ್ದರೆ ಅದನ್ನು ಹೆಮ್ಮೆಯಿಂದ ಕಳಿಸಬಹುದು. ಆದರೆ ಓದುವವರಿಗೆ ಅದು ತಾನಾಗಿ ತಿಳಿಯುವುದಿಲ್ಲ, ಹೇಳಬೇಕು. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಜಾಗ ಇದೆ, ಅಲ್ಲಿ ನಾಲ್ಕು ಸಾಲು ಬರೆಯಿರಿ. ಅರ್ಜಿಯ ಜೊತೆಗೆ ಶಾಲೆಯವರು ‘ಸ್ಕೂಲ್ ಪ್ರೊಫೈಲ್’ ಕೊಡುವ ಪದ್ಧತಿಯೂ ಇದೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥದ್ದು ಸಾಮಾನ್ಯವಾಗಿ ಇರುವುದಿಲ್ಲ. ಪ್ರಿನ್ಸಿಪಾಲರನ್ನು ಕೇಳಿ ಒಂದು ಪುಟ ಬರೆಸಿಕೊಳ್ಳಿ: ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಯಾವ ಪಠ್ಯಕ್ರಮ, ಹಿಂದಿನ ವರ್ಷ ಶೇ 90ರ ಮೇಲೆ ಎಷ್ಟು ಮಂದಿ ಬಂದರು, ಸ್ಯಾಟ್‌ನಂಥ ಪರೀಕ್ಷೆಗೆ ಕಾಲೇಜಿನಲ್ಲಿ ತರಬೇತಿ ಇದೆಯೇ ಇಲ್ಲವೇ. ಅಂಕ ಎಷ್ಟೇ ಇರಲಿ, ಆ ಒಂದು ಪುಟ ಅದಕ್ಕೆ ಬೆಲೆ ತಂದುಕೊಡುತ್ತದೆ.

ಹಾಗಾದರೆ ಯಾವಾಗ ಬಿಡಬೇಕು? ಶಾಲೆಯ ಅಂಕಗಳು ತುಂಬ ಚೆನ್ನಾಗಿದ್ದು, ಸ್ಯಾಟ್ ಅದಕ್ಕೆ ಪೂರ್ತಿ ವಿರುದ್ಧ ಹೇಳುತ್ತಿದ್ದರೆ ಬಿಡಿ. ಎಂಜಿನಿಯರಿಂಗ್‌ಗೋ ಕಂಪ್ಯೂಟರ್ ಸೈನ್ಸ್‌ಗೋ ಅರ್ಜಿ ಹಾಕುತ್ತಿದ್ದು ಗಣಿತದಲ್ಲಿ 640 ಬಂದಿದ್ದರೆ, ಒಟ್ಟು ಅಂಕ ಹೇಗೇ ಇರಲಿ, ಪೈಪೋಟಿ ಹೆಚ್ಚಿರುವ ಟೆಸ್ಟ್ ಆಪ್ಷನಲ್ ಕಾಲೇಜಿಗೆ ನಾನಾದರೆ ಕಳಿಸುವುದಿಲ್ಲ. ಅದೇ ಕಾಲೇಜಿನ ಇತಿಹಾಸ ವಿಭಾಗಕ್ಕೆ ಅರ್ಜಿ ಹಾಕುವ, ಇಂಗ್ಲಿಷ್‌ನಲ್ಲಿ 740 ತೆಗೆದ ಹುಡುಗನಾದರೆ ಆ 640 ಗಣಿತದೊಂದಿಗೇ ಕಳಿಸಲಿ. ಒಟ್ಟು ಮೊತ್ತ ಒಂದೇ ಆಗಿದ್ದರೂ ಒಳಗಿನ ಹಂಚಿಕೆ ಮುಖ್ಯ.

ವಿದ್ಯಾರ್ಥಿವೇತನದ ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕು. ಪ್ರವೇಶಕ್ಕೆ ಅಂಕ ಬೇಡ ಎನ್ನುವ ಕಾಲೇಜು ಶುಲ್ಕ ರಿಯಾಯಿತಿಗೆ ಅದನ್ನೇ ಆಧಾರ ಮಾಡಿಕೊಂಡಿರಬಹುದು. ಅಲಬಾಮಾ ವಿಶ್ವವಿದ್ಯಾಲಯದಂಥ ಕಡೆ ಇಷ್ಟು ಜಿಪಿಎಗೆ ಇಷ್ಟು ಸ್ಯಾಟ್ ಅಂಕ ಇದ್ದರೆ ಇಷ್ಟು ಹಣ ಎಂದು ಪಟ್ಟಿಯನ್ನೇ ಹಾಕಿರುತ್ತಾರೆ. ಅಂಥಲ್ಲಿ ಇಪ್ಪತ್ತು ಅಂಕದ ವ್ಯತ್ಯಾಸ ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು. ಇನ್ನೊಂದು ಸಲ ಪರೀಕ್ಷೆ ಬರೆಯಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಕಳಿಸುವ ಕೆಲಸ

ಅನೇಕ ಕಾಲೇಜುಗಳು ಅರ್ಜಿಯ ಹಂತದಲ್ಲಿ ಅಧಿಕೃತ ವರದಿ ಕೇಳುವುದಿಲ್ಲ. ಪ್ರತಿ ವಿಭಾಗದ ಅತ್ಯುತ್ತಮ ಅಂಕವನ್ನೂ ಆ ಪರೀಕ್ಷೆಯ ದಿನಾಂಕವನ್ನೂ ವಿದ್ಯಾರ್ಥಿಯೇ ಕಾಮನ್ ಆ್ಯಪ್‌ನಲ್ಲಿ ತುಂಬಿದರೆ ಸಾಕು. ಸೀಟು ಸಿಕ್ಕಿ, ಸೇರುವುದು ಖಚಿತವಾದ ಮೇಲೆ ಆ ಒಂದು ಕಾಲೇಜಿಗೆ ಮಾತ್ರ ಅಧಿಕೃತ ವರದಿ ಕಳಿಸಬೇಕು. ಇದನ್ನು ತಿಳಿಯದೆ ಎಷ್ಟೋ ಮನೆಯವರು ಹತ್ತು ಕಾಲೇಜಿಗೂ ದುಡ್ಡು ಕಟ್ಟಿ ವರದಿ ಕಳಿಸುತ್ತಾರೆ. ಒಂದಕ್ಕೆ ಸುಮಾರು 15 ಡಾಲರ್, ನಮ್ಮ ರೂಪಾಯಿಯಲ್ಲಿ ಅದು ಸಣ್ಣ ಮೊತ್ತವಲ್ಲ. ಒಂದು ಪರೀಕ್ಷೆಯ ಶುಲ್ಕವೇ ಭಾರತದಲ್ಲಿ ನೂರು ಡಾಲರ್ ದಾಟುತ್ತದೆ.

ಪ್ರತಿ ನೋಂದಣಿಯ ಜೊತೆ ನಾಲ್ಕು ವರದಿ ಉಚಿತ. ಆದರೆ ಯಾವ ಕಾಲೇಜು ಎಂಬುದನ್ನು ಪರೀಕ್ಷೆ ಮುಗಿದ ಒಂಬತ್ತು ದಿನದೊಳಗೆ ಹೇಳಿಬಿಡಬೇಕು. ಫಲಿತಾಂಶ ಬರುವುದು ಸಾಮಾನ್ಯವಾಗಿ ಅದರ ನಂತರ. ಅಂದರೆ ಅಂಕ ಎಷ್ಟು ಎಂದು ತಿಳಿಯದೆಯೇ ಕಳಿಸಿದಂತೆ. ಎಲ್ಲ ಅಂಕವನ್ನೂ ಕೇಳುವ ಕಾಲೇಜು ನಿಮ್ಮ ಪಟ್ಟಿಯಲ್ಲಿದ್ದರೆ ಉಚಿತ ವರದಿಯನ್ನು ಅದಕ್ಕೆ ಬಳಸಿ, ಹೇಗೂ ಕಳಿಸಲೇಬೇಕು. ಅಧಿಕೃತ ವರದಿಯನ್ನೇ ಕೇಳುವ, ಸೂಪರ್‌ಸ್ಕೋರ್ ಮಾಡುವ ಕಾಲೇಜಿಗೂ ಬಳಸಬಹುದು. ಉಳಿದವಕ್ಕೆ ಕಾಯಿರಿ.

ಪರೀಕ್ಷೆ ಬರೆದು ಹೊರಬಂದ ತಕ್ಷಣ ‘ಚೆನ್ನಾಗಿ ಆಗಲಿಲ್ಲ’ ಎಂದು ಅಂಕವನ್ನೇ ರದ್ದು ಮಾಡಿಸುವವರಿದ್ದಾರೆ. ಕೆಲವೇ ದಿನಗಳ ಒಳಗೆ ಅದಕ್ಕೆ ಅವಕಾಶ ಇದೆ. ರದ್ದಾದ ಅಂಕ ಮತ್ತೆ ಬರುವುದಿಲ್ಲ. ಸ್ಕೋರ್ ಚಾಯ್ಸ್ ಇರುವಾಗ ರದ್ದು ಮಾಡಿಸುವ ಅಗತ್ಯ ಬಹುತೇಕ ಯಾರಿಗೂ ಬರುವುದಿಲ್ಲ. ಕೆಟ್ಟದಾಯಿತು ಎಂದುಕೊಂಡ ದಿನದ ಗಣಿತವೇ ಸೂಪರ್‌ಸ್ಕೋರ್‌ನಲ್ಲಿ ಕೈಹಿಡಿಯಬಹುದು.

ದಿನಾಂಕದ ಲೆಕ್ಕವನ್ನು ಪಿಯುಸಿ ಮಕ್ಕಳು ಬೇಗ ಹಾಕಿಕೊಳ್ಳಬೇಕು. ‘ಅರ್ಲಿ’ ಅರ್ಜಿಗಳ ಗಡುವು ಬಹುತೇಕ ಕಡೆ ನವೆಂಬರ್ 1, ಸಾಮಾನ್ಯ ಅರ್ಜಿಗಳದ್ದು ಜನವರಿಯ ಮೊದಲ ದಿನಗಳು. ದ್ವಿತೀಯ ಪಿಯುಸಿಯ ಜನವರಿಯಲ್ಲಿ ಜೆಇಇ, ಮಾರ್ಚ್ ಹೊತ್ತಿಗೆ ಬೋರ್ಡ್ ಪರೀಕ್ಷೆ. ಹಾಗಾಗಿ ಮೊದಲ ಸ್ಯಾಟ್ ಪ್ರಥಮ ಪಿಯುಸಿ ಮುಗಿದ ಮೇಲೆ ಬರುವ ಮೇ ಅಥವಾ ಜೂನ್‌ನಲ್ಲಿ, ಎರಡನೆಯದು ಆಗಸ್ಟ್‌ನಲ್ಲಿ ಬರೆದರೆ ಆರಿಸಿಕೊಳ್ಳಲು ಕೈಯಲ್ಲಿ ಎರಡು ಅಂಕ ಇರುತ್ತದೆ, ನಿಧಾನವಾಗಿ ಯೋಚಿಸಲು ಸಮಯವೂ ಇರುತ್ತದೆ.

ಅಮೆರಿಕದಲ್ಲೇ ಹೈಸ್ಕೂಲು ಓದುವ ಮಕ್ಕಳ ಪೋಷಕರು ಇನ್ನೊಂದನ್ನು ಗಮನಿಸಬೇಕು. ಮಿಷಿಗನ್‌ನಂಥ ರಾಜ್ಯಗಳಲ್ಲಿ 11ನೇ ತರಗತಿಯವರಿಗೆ ಶಾಲೆಯಲ್ಲೇ ಸ್ಯಾಟ್ ನಡೆಯುತ್ತದೆ. ಕೆಲವು ಶಾಲೆಗಳು ಆ ಅಂಕವನ್ನು ಟ್ರಾನ್ಸ್‌ಕ್ರಿಪ್ಟ್‌ನಲ್ಲೇ ಮುದ್ರಿಸಿಬಿಡುತ್ತವೆ. ಹಾಗಾದಾಗ ನೀವು ಬಿಡಬೇಕೆಂದುಕೊಂಡ ಅಂಕ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಹೋಗುತ್ತದೆ. ಶಾಲೆಯ ಕೌನ್ಸೆಲರ್ ಬಳಿ ಮೊದಲೇ ವಿಚಾರಿಸಿ, ಸಾಧ್ಯವಿದ್ದರೆ ತೆಗೆಸಿ.

ಬಿಇ ಮುಗಿಸಿ ಎಂಎಸ್‌ಗೆ ಹೊರಡುವವರ ಜಿಆರ್‌ಇ ನಿಯಮವೂ ಇದೇ ಜಾಡಿನದು. 2012ರಿಂದ ಅಲ್ಲಿ ‘ಸ್ಕೋರ್‌ಸೆಲೆಕ್ಟ್’ ಇದೆ. ಪರೀಕ್ಷೆಯ ದಿನ ಉಚಿತವಾಗಿ ನಾಲ್ಕು ವಿಶ್ವವಿದ್ಯಾಲಯಗಳಿಗೆ ಆ ದಿನದ ಅಂಕವನ್ನೋ ಐದು ವರ್ಷದೊಳಗಿನ ಎಲ್ಲ ಅಂಕವನ್ನೋ ಕಳಿಸಬಹುದು. ಆಮೇಲೆ ಶುಲ್ಕ ಕೊಟ್ಟು ಕಳಿಸುವಾಗ ಯಾವ ದಿನಾಂಕ ಬೇಕಾದರೂ ಆರಿಸಬಹುದು. ಜಿಆರ್‌ಇ ಬೇಕೇ ಬೇಡವೇ ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಹೆಚ್ಚಾಗಿ ಆಯಾ ವಿಭಾಗ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲಿ ಎರಡು ನಿಯಮ ಇರುವುದುಂಟು.

ಕೊನೆಗೆ ಹೆಸರಿನ ವಿಷಯ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಊರಿನ ಅಥವಾ ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಸ್ಯಾಟ್ ನೋಂದಣಿಯನ್ನೂ ಕಾಮನ್ ಆ್ಯಪ್ ಅರ್ಜಿಯನ್ನೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತುಂಬಿ, ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಅದನ್ನು ಅರ್ಜಿಯಲ್ಲಿ ನಮೂದಿಸಿ. ಎರಡು ಕಡೆ ಎರಡು ಹೆಸರಿದ್ದರೆ ಕಾಲೇಜಿಗೆ ತಲುಪಿದ ಅಂಕ ಯಾರದೆಂದು ಹೊಂದಿಸಲಾಗದೆ ಹಾಗೇ ಬಿದ್ದಿರುತ್ತದೆ, ಅರ್ಜಿ ‘ಅಪೂರ್ಣ’ ಎಂದೇ ತೋರಿಸುತ್ತದೆ. ಅರ್ಜಿ ಹಾಕಿದ ಒಂದೆರಡು ವಾರದ ಮೇಲೆ ಪ್ರತಿ ಕಾಲೇಜಿನ ವಿದ್ಯಾರ್ಥಿ ಪೋರ್ಟಲ್ ತೆರೆದು ಅಂಕ ತಲುಪಿದೆಯೇ ಎಂದು ನೋಡಿ, ತಲುಪಿರದಿದ್ದರೆ ಅಂದೇ ಪ್ರವೇಶ ವಿಭಾಗಕ್ಕೆ ಮೇಲ್ ಹಾಕಿ.